ಕೊಂಬಿನ ಪರಂಗಿ, ಬಾಲದ ಅಂಬಿಗ

ತುಂಗಭದ್ರೆಯ ದಂಡೆಯಲ್ಲಿ ಸೂಗಯ್ಯ ಎಂಬ ಚಿತ್ರಗಾರ ಗುರುಗಳಿದ್ದರು. ಅವರ ಆಶ್ರಮವೆಂದರೆ ಒಂದು ಹುಲ್ಲಿನ ಚಪ್ಪರ, ಬಣ್ಣ ಅರೆಯುವ ನಾಲ್ಕು ಕಲ್ಲು, ಒಬ್ಬ ಶಿಷ್ಯ.

ಶಿಷ್ಯನ ಹೆಸರು ಮಾರ್ತಂಡ. ಹನ್ನೆರಡು ವರ್ಷ ಅಲ್ಲೇ ಜೀವ ತೇಯ್ದಿದ್ದ. ಮೊದಲು ಕಲ್ಲು ಅರೆದ, ಆಮೇಲೆ ಗೋಡೆಗೆ ಗಾರೆ ಮೆತ್ತಿದ. ಗೆರೆ ಬಂತು, ಬಣ್ಣ ಬಂತು. ಕೈಗೆ ಬಾರದೆ ಉಳಿದದ್ದು ಒಂದೇ, ಕಣ್ಣು.

ಆ ಮನೆತನದ ಪದ್ಧತಿ ಹಾಗಿತ್ತು. ಚಿತ್ರವೆಲ್ಲ ಮುಗಿದ ಮೇಲೆ ಕಟ್ಟಕಡೆಗೆ ಕಣ್ಣು ತೆರೆಸಬೇಕು. ತೆರೆಸುವವನೇ ಚಿತ್ರಗಾರ, ಉಳಿದವರು ಬರೀ ಕೈಯಾಳುಗಳು. ಮಾರ್ತಂಡ ಬರೆದ ಮುಖಗಳಿಗೆಲ್ಲ ಗುರುಗಳೇ ಕಣ್ಣು ತೆರೆಸುತ್ತ ಬಂದಿದ್ದರು. ಒಂದು ಆಡಿನ ಕಣ್ಣನ್ನೂ ಅವನಿಗೆ ಬಿಟ್ಟುಕೊಟ್ಟಿರಲಿಲ್ಲ.

ಒಂದು ಪುಷ್ಯ ಮಾಸದಲ್ಲಿ ಊರಿನ ನಾಯಕರಿಂದ ಹೇಳಿಕೆ ಬಂತು. ಸಮುದ್ರದಾಚೆಯ ಪರಂಗಿಗಳು ಹತ್ತಿ ಕೊಳ್ಳಲು ಅಪ್ಪಣೆ ಬೇಡಿ ಬರುತ್ತಿದ್ದಾರೆ. ಕಾಣಿಕೆಯಾಗಿ ಒಂದು ಯಂತ್ರ ತರುತ್ತಿದ್ದಾರೆ. ಅದು ಹೊಳೆಯ ನೀರನ್ನು ಗುಡ್ಡದ ಕೇರಿಗೆ ತಾನಾಗಿ ಏರಿಸುತ್ತದಂತೆ. ಹೊಳೆದಂಡೆಯ ಹೊಸ ಮಂಟಪದ ಗೋಡೆಯ ಮೇಲೆ ಆ ಪರಂಗಿಯ ಚಿತ್ರ, ಆ ಯಂತ್ರದ ಚಿತ್ರ ಬರೆಯಬೇಕು.

ಗುರುಗಳು ಮಾರ್ತಂಡನನ್ನು ಕರೆದರು.

"ತಮ್ಮಾ, ಈ ಗೋಡಿ ನಿಂದು."

"ಕಣ್ಣು, ಅಪ್ಪಾರ?"

"ಯುಗಾದಿ ದಿನ ನಿನ್ನ ಚಿತ್ರ ಗೋಡಿ ಮ್ಯಾಲ ಉಳದಿದ್ರ ಕಣ್ಣೂ ನಿಂದ."

"ಉಳೀಲಿಲ್ಲಂದ್ರ?"

"ಊರಿಗೆ ಹೋಗು. ಎತ್ತಿನ ಕೊಂಬಿಗೆ ಬಣ್ಣ ಹಚ್ಚಕೊಂಡು ಸುಖವಾಗಿರು."

ಮಾರ್ತಂಡ ಹೊಳೆಗೆ ಇಳಿದು ಮೂರು ಸಲ ಮುಳುಗಿ ಎದ್ದ. ಅವನ ಸಂತೋಷಕ್ಕೆ ಮೇರೆ ಇರಲಿಲ್ಲ. ಹೆದರಿಕೆಗೂ ಇರಲಿಲ್ಲ.

ಪರಂಗಿಗಳು ಬರಲು ಇನ್ನೂ ಹದಿನೈದು ದಿನವಿತ್ತು. ಮಾರ್ತಂಡನಿಗೆ ಅಷ್ಟು ಕಾಯುವ ತಾಳ್ಮೆ ಎಲ್ಲಿ? ಕರಾವಳಿಯಿಂದ ಬಂದ ಉಪ್ಪಿನ ವ್ಯಾಪಾರಿಗಳನ್ನು ಹಿಡಿದು ಕೂರಿಸಿ ಕೇಳಿದ.

"ಪರಂಗಿ ಹೆಂಗಿರ್ತಾನ?"

"ಮುಖ ಕೆಂಪಗ. ತಲಿ ಮ್ಯಾಲ ಮೂರು ಮೂಲಿ ಇರ್ತಾವ."

"ಯಂತ್ರ?"

"ಅದಕ್ಕ ಎರಡು ತೋಳು. ಗಟಗಟ ಹೊಳಿ ಕುಡೀತೈತಿ, ಮ್ಯಾಲಕ್ಕ ಉಗುಳ್ತೈತಿ."

ಅಷ್ಟು ಸಾಕಾಯಿತು. ಆಶ್ರಮದಲ್ಲಿ ಹಳೆಯ ಕಡತವೊಂದಿತ್ತು, ಮಸಿ ಬಳಿದ ಬಟ್ಟೆಯ ಮಡಿಕೆಗಳ ಮೇಲೆ ಬಳಪದಲ್ಲಿ ಬರೆದ ಮಾದರಿಗಳದ್ದು. ದೇವರಿಗೆ ಒಂದು ಅಳತೆ, ಮನುಷ್ಯರಿಗೆ ಒಂದು, ರಾಕ್ಷಸರಿಗೆ ಒಂದು. ಪರಂಗಿಗೆ ಅದರಲ್ಲಿ ಮಾದರಿ ಇರಲಿಲ್ಲ. ಮಾರ್ತಂಡ ಹುಡುಕಿ ಹುಡುಕಿ ರಾಕ್ಷಸರ ಮಡಿಕೆಯನ್ನು ಬಿಚ್ಚಿದ.

ಹತ್ತು ದಿನದಲ್ಲಿ ಗೋಡೆ ತುಂಬಿತು. ಕೆಂಪು ಮುಖ, ಹೊರಚಾಚಿದ ಹಲ್ಲು, ತಲೆಯ ಮೇಲೆ ಮೂರು ಕೊಂಬು. ಪಕ್ಕದಲ್ಲಿ ಮೊಸಳೆ ಬಾಯಿಯ, ಆನೆ ಕಾಲಿನ ಒಂದು ಪ್ರಾಣಿ ನೀರು ಕಾರುತ್ತಿತ್ತು. ಊರಿಗೆ ಊರೇ ಬಂದು ನೋಡಿ ಬಾಯಿ ಮೇಲೆ ಬೆರಳಿಟ್ಟುಕೊಂಡಿತು. ನಾಯಕರು ಮೀಸೆ ತಿರುವಿ ಭೇಷ್ ಎಂದರು.

ಮಾರ್ತಂಡ ಗುರುಗಳ ಮುಂದೆ ಕೈ ಚಾಚಿದ.

"ಅಪ್ಪಾರ, ಕಣ್ಣಿನ ಕುಂಚ ಕೊಡ್ರಿ."

ಗುರುಗಳು ಗೋಡೆಯನ್ನು ಬಹಳ ಹೊತ್ತು ನೋಡಿದರು.

"ಯಾರನ್ನ ನೋಡಿ ಬರದಿ?"

"ನೋಡಿಲ್ರಿ. ಕೇಳಿ ಬರದೆ."

"ಹಂಗಾರ ಇನ್ನೊಂದೆರಡು ಕಿವಿ ಬರಿ. ಕಣ್ಣು ಯಾಕ?"

ಕುಂಚ ಸಿಗಲಿಲ್ಲ. ಮಾರ್ತಂಡ ಮೂರು ದಿನ ಗುರುಗಳ ಜೊತೆ ಮಾತು ಬಿಟ್ಟ. ಗುರುಗಳು ಅದನ್ನು ಗಮನಿಸಿದಂತೆ ಕಾಣಲಿಲ್ಲ, ಅದು ಅವನಿಗೆ ಇನ್ನಷ್ಟು ಉರಿಯಿತು.

ಹದಿನೈದನೆಯ ದಿನ ಪರಂಗಿಗಳು ಬಂದರು. ಏಳೆಂಟು ಮಂದಿ, ಎರಡು ಗಾಡಿ, ಒಬ್ಬ ದುಬಾಷಿ. ಅವರಲ್ಲಿ ಯಂತ್ರ ನೋಡಿಕೊಳ್ಳುವವನು ಯಾಕೋಬ. ಬಿಡುವಾದಾಗ ಅವನೂ ಪುಸ್ತಕದಲ್ಲಿ ಚಿತ್ರ ಬರೆಯುತ್ತಿದ್ದ. ತನ್ನ ಚಿತ್ರ ಮಂಟಪದಲ್ಲಿದೆಯೆಂದು ಕೇಳಿ, ದಣಿವನ್ನೂ ಮರೆತು, ನಗುತ್ತ ಬಂದ.

ಗೋಡೆಯ ಮುಂದೆ ನಿಂತ. ನಗು ನಿಂತುಹೋಯಿತು.

ಅವನ ತಲೆಯ ಮೇಲೆ ಮೂರು ಮೂಲೆಯ ಕರಿ ಟೊಪ್ಪಿಗೆಯಿತ್ತು. ಅವನು ಅದನ್ನು ಮೆಲ್ಲಗೆ ತೆಗೆದು ಕೈಯಲ್ಲಿ ಹಿಡಿದುಕೊಂಡ. ಒಳಗೆ ಸಾದಾ ತಲೆ, ಜೋಳದ ಒಣಗರಿಯ ಬಣ್ಣದ ಕೂದಲು, ನಡುವೆ ಬೋಳು.

"ಅಯ್ಯಯ್ಯೋ, ಕೊಂಬು ಕಳಚೇಬಿಟ್ಟ!" ಎಂದು ಗುಂಪಿನಲ್ಲಿ ಯಾರೋ ಕೂಗಿದರು.

ಊರೆಲ್ಲ ಗೊಳ್ಳೆಂದು ನಕ್ಕಿತು. ಮಾರ್ತಂಡನಿಗೆ ನಿಂತ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಯಾಕೋಬ ನೊಂದ ದನಿಯಲ್ಲಿ ಏನೋ ಹೇಳಿದ. ದುಬಾಷಿ ತಿಳಿಸಿದ: "ನೀವು ನಮಗ ಕೊಂಬು ಬರದೀರಿ. ನಾನು ನಿಮ್ಮನ್ನ ಎಷ್ಟು ಚಂದ ಬರದೀನಿ ನೋಡ್ರಿ, ಅಂತಾರ."

ಯಾಕೋಬ ಪುಸ್ತಕ ಬಿಚ್ಚಿದ. ಅದರಲ್ಲಿ ಅವನು ಬರುವ ದಾರಿಯಲ್ಲಿ ದೂರದಿಂದ ಕಂಡು ಬರೆದ ಹೊಳೆ ಇತ್ತು, ಹರಿಗೋಲಿತ್ತು. ಹರಿಗೋಲಿನಲ್ಲಿ ಈ ಊರಿನ ಅಂಬಿಗ ಹುಲುಗಪ್ಪ ಕುಕ್ಕರಗಾಲಲ್ಲಿ ಕೂತಿದ್ದ. ಅವನ ಎರಡು ಕೈಯಲ್ಲಿ ಎರಡು ಹುಟ್ಟು. ಹಿಂದೆ, ಸೊಂಟದ ಕೆಳಗೆ, ಒಂದು ಬಾಲ.

ಹುಲುಗಪ್ಪ ಅಲ್ಲೇ ನಿಂತಿದ್ದ. ಚಿತ್ರ ನೋಡಿದವನೇ ಕೈಯನ್ನು ಹಿಂದಕ್ಕೆ ಒಯ್ದು ಮುಟ್ಟಿ ನೋಡಿಕೊಂಡ.

ಮಾರ್ತಂಡ ಕುದಿದುಹೋದ. "ನಾವೇನು ಮಂಗ್ಯಾ ಏನು? ಅದು ಬಾಲ ಅಲ್ಲ, ಕಚ್ಚಿ! ಪಂಜಿ ಕಚ್ಚಿ! ಹರಿಗೋಲಿಗೆ ಎರಡು ಹುಟ್ಟು ಎಲ್ಲಿ ನೋಡಿದಿ? ಕಣ್ಣು ಅದಾವಿಲ್ಲ ನಿನಗ?"

ಗುರುಗಳು ಯಾಕೋಬನ ಕೈಯಿಂದ ಪುಸ್ತಕವನ್ನು ಮೆತ್ತಗೆ ಇಸಿದುಕೊಂಡರು. ಆ ಹಾಳೆಯನ್ನು ಗೋಡೆಯ ಚಿತ್ರದ ಪಕ್ಕಕ್ಕೆ ಹಿಡಿದರು.

"ಎರಡೂ ಒಂದ ಕೈ ಬರದಂಗ ಐತಲ್ಲೋ."

"ಹೆಂಗ್ರಿ ಅಪ್ಪಾರ? ನಾನು ಅವರ ದೇಶಕ್ಕ ಹೋಗಿಲ್ಲ."

"ಅವನೂ ಇಲ್ಲಿಗೆ ಬಂದಿಲ್ಲ."

ಯಾಕೋಬ ಮೂರು ಮಾರು ದೂರದಲ್ಲೇ ನಿಂತಿದ್ದ. ದುಬಾಷಿ ಆ ಮಾತನ್ನು ಅವನಿಗೆ ತಿಳಿಸಿದ. ಅವನ ಮುಖ ಮಾರ್ತಂಡ ಬಳಿದಿದ್ದ ಕಾವಿಗಿಂತ ಕೆಂಪಾಯಿತು.

ಮರುದಿನ ಬೆಳಿಗ್ಗೆ ಗುರುಗಳು ಮಾರ್ತಂಡನ ಮುಂದೆ ಸುಣ್ಣದ ಗಡಿಗೆ ಇಟ್ಟರು. ಅವನೇ ತನ್ನ ಕೈಯಾರೆ ಗೋಡೆಗೆ ಸುಣ್ಣ ಬಳಿದ. ಬಳಿಯುತ್ತ ಬಳಿಯುತ್ತ ಅತ್ತ. ಮೂರು ಕೊಂಬು ಮುಚ್ಚಲು ಮೂರು ಸಲ ಬಳಿಯಬೇಕಾಯಿತು.

"ಇನ್ನ ಏನು ಮಾಡ್ಲಿ?" ಎಂದ.

"ಕುಂಚ ಒಳಗಿಡು. ಆ ಯಂತ್ರದ ಹಿಡಿಕಿ ಹಿಡಿ."

"ಎಷ್ಟು ದಿನ?"

"ಅದು ನಿನಗ ಬೈಯೂ ತನಕ."

ಮಾರ್ತಂಡ ಹೋದ. ಯಂತ್ರಕ್ಕೆ ಮೊಸಳೆ ಬಾಯಿಯೂ ಇರಲಿಲ್ಲ, ಆನೆ ಕಾಲೂ ಇರಲಿಲ್ಲ. ಒಂದು ದಪ್ಪ ಹಿತ್ತಾಳೆಯ ಕೊಳವೆ, ಅದರೊಳಗೆ ಏರಿಳಿಯುವ ಒಂದು ಕೋಲು, ಎರಡು ಕಡೆ ಇಬ್ಬಿಬ್ಬರು ಹಿಡಿದು ಒತ್ತುವ ಹಿಡಿಕೆ. ಮೊದಲ ದಿನವೇ ಅವನ ಅಂಗೈಯಲ್ಲಿ ಬೊಬ್ಬೆ ಎದ್ದವು. ನಾಲ್ಕನೆಯ ದಿನ ಹಿಡಿಕೆ ಜಾರಿ ಗದ್ದಕ್ಕೆ ಬಡಿಯಿತು. ಯಂತ್ರ ಬೈದದ್ದು ಇದೇ ಇರಬೇಕೆಂದು ಅವನಿಗೆ ಅನ್ನಿಸಿತು. ಆದರೂ ಅವನು ಆಶ್ರಮಕ್ಕೆ ಮರಳಲಿಲ್ಲ. ಅಷ್ಟೊತ್ತಿಗೆ ಅವನಿಗೆ ಅದರ ರುಚಿ ಹತ್ತಿತ್ತು.

ವಾರಕ್ಕೊಮ್ಮೆ ಯಾಕೋಬ ಯಂತ್ರವನ್ನು ಬಿಚ್ಚುತ್ತಿದ್ದ. ಮಾರ್ತಂಡ ಪಕ್ಕದಲ್ಲಿ ಕೂತು ನೋಡುತ್ತಿದ್ದ. ಕೋಲಿನ ತುದಿಗೆ ಒಂದು ತೊಗಲಿನ ಬಟ್ಟಲಿತ್ತು. ಅದು ಕೊಳವೆಗೆ ಒತ್ತಿ ಕೂತರೆ ನೀರು ಏರುತ್ತದೆ, ಸಡಿಲಾದರೆ ಬರೀ ಉಸಿರು ಬರುತ್ತದೆ. ಇಷ್ಟೇ ಅದರ ಮಾಯೆ. ಯಾಕೋಬ ಆ ಬಟ್ಟಲಿಗೆ ಎಣ್ಣೆ ಸವರುವುದನ್ನು ಕಂಡಾಗ ಮಾರ್ತಂಡನಿಗೆ ಎಳೆಗೂಸಿಗೆ ಎಣ್ಣೆ ಹಚ್ಚುವ ತನ್ನ ಅವ್ವನ ಕೈ ನೆನಪಾಯಿತು. ತಾನು ರಾಕ್ಷಸನಾಗಿ ಬರೆದಿದ್ದವನ ಮೇಲೆ ಅವನಿಗಿದ್ದ ಕೋಪ ಅಲ್ಲಿಗೆ ಮುಗಿಯಿತು.

ಇತ್ತ ಗುರುಗಳು ಯಾಕೋಬನನ್ನೂ ಬಿಡಲಿಲ್ಲ. "ಇವನನ್ನ ಹರಿಗೋಲಿಗೆ ಹತ್ತಸು" ಎಂದು ಹುಲುಗಪ್ಪನಿಗೆ ಹೇಳಿದರು.

ಯಾಕೋಬನ ಬಿಗಿ ಇಜಾರದಲ್ಲಿ ಕುಕ್ಕರಗಾಲು ಹಾಕಲಾಗಲಿಲ್ಲ. ಹುಲುಗಪ್ಪ ಅವನಿಗೆ ತನ್ನದೊಂದು ಪಂಜಿ ಉಡಿಸಿದ. ಯಾಕೋಬ ಹಟ ಹಿಡಿದು ಎರಡು ಹುಟ್ಟು ತಂದಿದ್ದ. ಎರಡೂ ಕೈಯಲ್ಲಿ ಹಾಕಿದ. ಹರಿಗೋಲು ಗಿರಗಿರನೆ ತಿರುಗಿತು. ಇನ್ನೂ ಜೋರಾಗಿ ಹಾಕಿದ, ಇನ್ನೂ ಜೋರಾಗಿ ತಿರುಗಿತು. ದಂಡೆಯ ಮೇಲೆ ಬಟ್ಟೆ ಒಗೆಯುತ್ತಿದ್ದ ಹೆಂಗಸರು ಕೆಲಸ ಬಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕರು.

ಹುಲುಗಪ್ಪ ಒಂದು ಹುಟ್ಟನ್ನು ಕಸಿದು ಹೊಳೆಗೆ ಎಸೆದ. ಇನ್ನೊಂದನ್ನು ಯಾಕೋಬನ ಕೈಗೆ ಕೊಟ್ಟು, ಮುಂದಕ್ಕೆ ಚಾಚಿ ತನ್ನೆಡೆಗೆ ಎಳೆದುಕೊಳ್ಳುವುದನ್ನು ತೋರಿಸಿದ. ಹರಿಗೋಲು ನೆಟ್ಟಗೆ ಸಾಗಿತು.

ಆಚೆ ದಡದಲ್ಲಿ ಇಳಿಯುವಾಗ ಯಾಕೋಬನ ಕಚ್ಚೆ ಬಿಚ್ಚಿ ಹಿಂದೆ ಇಳಿಬಿದ್ದಿತು. ನೀರಿನಲ್ಲಿ ತನ್ನ ನೆರಳನ್ನು ಕಂಡ. ಆ ನೆರಳಿಗೂ ಒಂದು ಬಾಲವಿತ್ತು. ಆಮೇಲೆ ನಕ್ಕ ನಗೆಗೆ ಈ ದಡದಲ್ಲಿದ್ದ ಕೊಕ್ಕರೆಗಳು ಹಾರಿಹೋದವು.

ಅವತ್ತು ಅವನು ಪುಸ್ತಕದ ಆ ಹಾಳೆಯನ್ನು ಹರಿದು ಒಲೆಗೆ ಹಾಕಿದ. ದುಬಾಷಿಯ ಬಾಯಲ್ಲಿ ಮಾರ್ತಂಡನಿಗೆ ಹೇಳಿಸಿದ: "ನಮ್ಮ ಕಡೆ ಎಲ್ಲಾ ದೋಣಿಗೂ ಎರಡು ಹುಟ್ಟು. ಒಂದ ಇದ್ದದ್ದು ನನ್ನ ಕಣ್ಣಿಗೆ ಕಾಣಲೇ ಇಲ್ಲ."

ಮಾರ್ತಂಡ ಹೇಳಿದ: "ನಮ್ಮ ಕಡತದಾಗ ತಾನಾಗಿ ಅಲುಗಾಡೂದೆಲ್ಲ ಪ್ರಾಣಿನ. ಅದಕ್ಕ ನಾನು ಕಾಲು ಹಚ್ಚಿದೆ."

ಇಬ್ಬರೂ ಒಂದೇ ಚೊಂಬಿನಿಂದ ಮಜ್ಜಿಗೆ ಕುಡಿದರು.

ಶಿವರಾತ್ರಿ ಕಳೆದ ಮೇಲೆ ಪರಂಗಿಗಳು ಹೊರಟುಹೋದರು. ಮಾರ್ತಂಡ ಮತ್ತೆ ಗೋಡೆಯ ಮುಂದೆ ನಿಂತ. ಕಡತ ಬಿಚ್ಚಿದ, ಯಂತ್ರದ ಅಳತೆ ಅದರಲ್ಲಿ ಇರಲಿಲ್ಲ.

"ಅಪ್ಪಾರ, ದೇವರಿಗೆ ಮುಖದ ಅಳತಿ ಹಿಡೀತೀವಿ. ಇದಕ್ಕ ಯಾರ ಮುಖ ಹಿಡೀಲಿ?"

"ಅದರದ ಹಿಡಿ."

ಮಾರ್ತಂಡ ಬೆರಳು ಮಡಿಸಿ ಯಂತ್ರದ ಒಂದೊಂದು ಭಾಗವನ್ನೂ ಅಂಗುಲ ಅಂಗುಲ ಅಳೆದ. ದೇವರ ಮೂಗಿಗೆ ತೋರಿಸುವಷ್ಟೇ ಭಕ್ತಿಯನ್ನು ಒಂದು ಹಿತ್ತಾಳೆ ಮೊಳೆಗೆ ತೋರಿಸಿದ. ಗೋಡೆಯ ಮೇಲೆ ಯಾಕೋಬ ನೆಲದಲ್ಲಿ ಕೂತ, ಟೊಪ್ಪಿಗೆ ಪಕ್ಕಕ್ಕಿಟ್ಟು, ಬೆವರುತ್ತ. ಅವನ ಮುಂದೆ ಹಾಸಿದ ಬಟ್ಟೆಯ ಮೇಲೆ ಯಂತ್ರದ ಭಾಗಗಳು ಬಿಚ್ಚಿದ ಕ್ರಮದಲ್ಲಿ ಸಾಲಾಗಿದ್ದವು. ಕೊಳವೆಯ ಬಾಯಿಯ ಹತ್ತಿರ ಒಂದು ನೀರಿನ ಚೊಂಬು. ಕೈಯಲ್ಲಿ ತೊಗಲಿನ ಬಟ್ಟಲು, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ, ಇದ್ದಷ್ಟೇ ಅಳತೆಯದು. ಕಣ್ಣಿನ ಜಾಗ ಮಾತ್ರ ಖಾಲಿ.

ಮಾರ್ತಂಡ ಮತ್ತೆ ಕೈ ಚಾಚಿದ.

ಗುರುಗಳು ನೋಡಿದರು. ಅವರ ಮುಖದಲ್ಲಿ ಏನೋ ಹೊಳೆದು ಮರೆಯಾಯಿತು.

"ಯುಗಾದಿ ಇನ್ನೂ ಬಂದಿಲ್ಲ" ಎಂದರು.

"ಏನು ತಪ್ಪೈತಿ, ಅಪ್ಪಾರ?"

"ನನಗ ಕಾಣವಲ್ದು. ಕಾಣೂ ಮಂದಿ ಬರ್ಲಿ."

ಮೊದಲು ಬಂದವರು ನಾಯಕರು. ನೋಡಿ ಮುಖ ಗಂಟಿಕ್ಕಿಕೊಂಡರು.

"ಇದೇನು? ಚಪ್ಪಲಿ ಹೊಲಿಯೋನಂಗ ಕುಂತಾನ! ಮೊದಲಿನದು ನೋಡಿದ್ರ ಮೈ ಝುಮ್ ಅಂತಿತ್ತು. ನೆಂಟರು ಬಂದ್ರ ನಾನು ಏನು ತೋರ್ಸ್ಲಿ, ತೊಗಲಿನ ಬಟ್ಟಲಾ?"

"ಇದ್ದದ್ದು ಇದ್ದಂಗ ಐತ್ರಿ" ಎಂದ ಮಾರ್ತಂಡ.

"ಇದ್ದದ್ದು ನೋಡಾಕ ನನಗ ಗೋಡಿ ಯಾಕ ಬೇಕು? ಯುಗಾದಿ ಹಿಂದಿನ ದಿನ ಇದಕ್ಕ ಸುಣ್ಣ ಹೊಡಸ್ತೀನಿ. ಹಬ್ಬದ ದಿನ ಬ್ಯಾರೆ ಚಿತ್ರಗಾರ ಬರ್ತಾನ. ಕೊಂಬು ಬರಿಯೋನು!"

ಮಾರ್ತಂಡ ಗುರುಗಳ ಕಡೆ ನೋಡಿದ. ಇವರು ಒಂದು ಮಾತು ಆಡಿದರೆ ಸಾಕಿತ್ತು. ಗುರುಗಳು ಹುಣಸೆ ಬೀಜದ ಅಂಟು ಕಲಸುತ್ತ ಕೂತಿದ್ದರು.

ಯುಗಾದಿಗೆ ಎಂಟು ದಿನ ಇರುವಾಗ ಯಂತ್ರ ನಿಂತಿತು.

ಹಿಡಿಕೆ ಒತ್ತಿದರೆ ಬುಸ್ ಎನ್ನುತ್ತಿತ್ತು, ಅಷ್ಟೇ. ಗುಡ್ಡದ ಕೇರಿಯ ತೊಟ್ಟಿ ಬತ್ತಿತು. ಬೇಸಿಗೆಯ ಉರಿಯಲ್ಲಿ ಹೆಂಗಸರು ಮತ್ತೆ ಕೊಡ ಹೊತ್ತು ನೂರೆಂಟು ಮೆಟ್ಟಿಲು ಹತ್ತತೊಡಗಿದರು. ಇಬ್ಬರು ಬಸುರಿಯರು ಮೆಟ್ಟಿಲ ಮೇಲೆಯೇ ಕುಸಿದು ಕೂತರು.

ಮಾರ್ತಂಡ ಓಡಿಹೋಗಿ ಹೇಳಿದ: "ತೊಗಲು ಸವದೈತಿ. ಬಿಚ್ಚಿ ನೋಡ್ರಿ."

ನಾಯಕರ ಕಾವಲಿನವರು ಅವನನ್ನು ಹತ್ತಿರ ಬಿಡಲಿಲ್ಲ. "ಬಣ್ಣ ಹಚ್ಚೋನು ನೀನು, ಸುಮ್ಮನಿರು. ಅದಕ್ಕ ಸಿಟ್ಟು ಬಂದೈತಿ. ಮುಟ್ಟಬಾರದಂತ ಧಣಿಯರ ಅಪ್ಪಣಿ ಐತಿ."

ಕಣ್ಣಿಗೆ ಕೊಂಬು ಕಂಡ ಮೇಲೆ ಕೈಗೆ ಉಳಿಯುವ ಕೆಲಸ ಪೂಜೆಯೊಂದೇ ತಾನೆ? ಯಂತ್ರಕ್ಕೆ ಕುಂಕುಮ ಹಚ್ಚಿದರು, ನಿಂಬೆಹಣ್ಣು ಕಟ್ಟಿದರು, ದಿನಕ್ಕೆ ಐದು ತೆಂಗಿನಕಾಯಿ ಒಡೆದರು. ಅದು ಬುಸ್ ಎನ್ನುವುದನ್ನು ಬಿಡಲಿಲ್ಲ. ಯಾಕೋಬನನ್ನು ಕರೆತರಲು ಆಳು ಹೋದ. ಅವನು ಬರಲು ಎರಡು ತಿಂಗಳಾದರೂ ಬೇಕಿತ್ತು.

ಯುಗಾದಿಯ ಹಿಂದಿನ ದಿನ ಅಮಾವಾಸ್ಯೆ. ಮಂಟಪದಲ್ಲಿ ಸುಣ್ಣದ ಬಾನಿ ತಂದಿಟ್ಟರು. ಮಾರ್ತಂಡ ಚಪ್ಪರದಲ್ಲಿ ತನ್ನ ಬಟ್ಟೆಬರೆ ಗಂಟು ಕಟ್ಟಿದ. ಹನ್ನೆರಡು ವರ್ಷದ ಗಂಟು ಒಂದು ಕೈಯಲ್ಲಿ ಎತ್ತುವಷ್ಟಿತ್ತು. ಅವನಿಗೆ ದುಃಖ ಉಕ್ಕಿ ಬಂತು. ಹೊರಡುವ ಮುನ್ನ ಕೊನೆಯ ಸಲ ಗೋಡೆ ನೋಡಿ ಬರೋಣವೆಂದು ಹೋದ. ಗುರುಗಳು ಆಗಲೇ ಅಲ್ಲಿ ಕೂತಿದ್ದರು.

ಮಂಟಪದ ಕೆಳಗಿನ ಮೆಟ್ಟಿಲಲ್ಲಿ ಒಬ್ಬ ಹೆಂಗಸು ನಿಂತಿದ್ದಳು. ದುರುಗವ್ವ. ಎತ್ತು ಕಟ್ಟಿ ಬಾವಿಯಿಂದ ನೀರೆತ್ತುವ ಕಪಿಲೆಗಳಿಗೆ ತೊಗಲಿನ ಚೀಲ ಹೊಲಿಯುವವಳು. ಹೊಲಿದ ಚೀಲವೊಂದನ್ನು ಹೆಗಲಿಗೆ ಹಾಕಿಕೊಂಡು ತೋಟಕ್ಕೆ ಹೊರಟಿದ್ದವಳು ಗೋಡೆ ನೋಡಿ ನಿಂತುಬಿಟ್ಟಿದ್ದಳು. ಮಂಟಪ ಹತ್ತುವ ರೂಢಿ ಅವಳ ಕೇರಿಯವರಿಗೆ ಇರಲಿಲ್ಲ.

ಅವಳು ಪರಂಗಿಯನ್ನು ನೋಡುತ್ತಿರಲಿಲ್ಲ. ಅವನ ಕೈಯನ್ನು ನೋಡುತ್ತಿದ್ದಳು.

"ಅಪ್ಪಾರ, ಅದು ತೊಗಲಲ್ಲೇನ್ರಿ?"

"ಹೂಂ."

"ಒದ್ದಿ ಮಾಡಿ, ಅಚ್ಚಿಗೆ ಬಡದು ಬಟ್ಟಲಾ ಮಾಡ್ಯಾರ. ಅಂಚು ಮ್ಯಾಲಕ್ಕ ಐತಿ. ಇದು ನಮ್ಮ ಕೆಲಸ ಆತಲ್ರಿ! ಅಳತಿ ಖರೇನಾ?"

ಮಾರ್ತಂಡ ಬಾಯಿ ತೆರೆದ. ಗುರುಗಳು ಅವನ ಭುಜ ಒತ್ತಿ ಹಿಡಿದರು.

"ನೀ ಮಾತಾಡಬ್ಯಾಡ. ಗೋಡಿ ಮಾತಾಡ್ಲಿ."

ಆಮೇಲೆ ದುರುಗವ್ವನಿಗೆ ಹೇಳಿದರು: "ಮ್ಯಾಲ ಬಾರವ್ವಾ. ಕೈ ಇಟ್ಟು ಅಳದು ನೋಡು."

ಸುಣ್ಣದ ಬಾನಿಯ ಹತ್ತಿರ ನಿಂತವರು ಗೊಣಗಿದರು. ಗುರುಗಳು ತಿರುಗಿ ಒಮ್ಮೆ ನೋಡಿದರು. ಗೊಣಗು ನಿಂತಿತು. ದುರುಗವ್ವ ಅಳುಕುತ್ತ ಹತ್ತಿದಳು. ಗೋಡೆ ಮುಟ್ಟಿದ ಮೇಲೆ ಅಳುಕೆಲ್ಲ ಹೋಯಿತು. ಗೇಣು ಹಾಕಿದಳು, ಬೆರಳು ಮಡಿಸಿದಳು, ತುಟಿಯಲ್ಲಿ ಲೆಕ್ಕ ಹಾಕಿದಳು. ಆಮೇಲೆ ಮೆಟ್ಟಿಲು ಇಳಿದು ಕೂತು, ಹೆಗಲ ಮೇಲಿನ ಹೊಸ ಚೀಲಕ್ಕೇ ಚೂರಿ ಹಾಕಿ ಒಂದು ತುಂಡು ಕತ್ತರಿಸಿದಳು.

ಸೂರ್ಯ ನೆತ್ತಿಗೆ ಬರುವ ಹೊತ್ತಿಗೆ ತೊಗಲು ನೆಂದಿತ್ತು. ಇಳಿಯುವ ಹೊತ್ತಿಗೆ ಕಟ್ಟಿಗೆಯ ಅಚ್ಚಿಗೆ ಬಡಿದು ಬಟ್ಟಲಾಗಿತ್ತು. ಅವಳು ಅದಕ್ಕೆ ಹರಳೆಣ್ಣೆ ಸವರಿದಳು.

ಗುರುಗಳು ಎದ್ದು ಮಂಟಪದ ಎದುರಿನ ದಂಡೆಯಲ್ಲಿದ್ದ ಯಂತ್ರದ ಹತ್ತಿರ ಹೋದರು. ಕಾವಲಿನವರು ಅಡ್ಡ ಬಂದರು.

"ಎಂಟು ದಿನ ಕೈ ಮುಗದ್ರಿ" ಎಂದರು ಗುರುಗಳು. "ಒಂದು ದಿನ ಕೈ ಹಚ್ಚೂಣು."

ಅಷ್ಟರಲ್ಲಿ ಗುಡ್ಡದ ಕೇರಿಯ ಹೆಂಗಸರು ಖಾಲಿ ಕೊಡ ಹಿಡಿದು ಇಳಿದು ಬಂದಿದ್ದರು. ಅವರ ಮುಖ ನೋಡಿ ಕಾವಲಿನವರು ತಾವಾಗಿಯೇ ದಾರಿ ಬಿಟ್ಟರು.

ಹರಿಗೋಲು ಬಿಟ್ಟು ಬಂದ ಹುಲುಗಪ್ಪ ಗೋಡೆ ನೋಡಿ ನೋಡಿ ಯಂತ್ರ ಬಿಚ್ಚಿದ. ಬಟ್ಟೆಯ ಮೇಲಿನ ಸಾಲಿನಲ್ಲಿ ಮೊದಲಿದ್ದದ್ದು ಮೊದಲು, ಆಮೇಲಿದ್ದದ್ದು ಆಮೇಲೆ. ಒಳಗಿದ್ದ ಹಳೆಯ ಬಟ್ಟಲು ಹಣ್ಣೆಲೆಯಂತೆ ಹರಿದು ಬಂತು. ದುರುಗವ್ವ ಹೊಸದನ್ನು ಕೂರಿಸಿದಳು, ಒತ್ತಿ ಕೂತಿತು. ಹುಲುಗಪ್ಪ ಹಿಂದುಮುಂದಾಗಿ ಸಾಲನ್ನು ಓದುತ್ತ ಜೋಡಿಸಿದ. ಮಾರ್ತಂಡ ಅಲುಗಾಡದೆ ನಿಂತಿದ್ದ. ಅವನ ಬಾಯಿಂದ ಒಂದು ಮಾತು ಬಂದಿರಲಿಲ್ಲ.

ನಾಲ್ವರು ಹಿಡಿಕೆ ಒತ್ತಿದರು.

ಬುಸ್.

ಮತ್ತೆ ಒತ್ತಿದರು. ಮತ್ತೆ ಬುಸ್. ಸುಣ್ಣ ಬಳಿಯುವವರು ಕುಂಚ ಅದ್ದಿದರು.

ದುರುಗವ್ವ ಮತ್ತೆ ಗೋಡೆ ನೋಡಿದಳು. "ತಡೀರಿ. ಕೊಳವಿ ಬಾಯಿ ಹತ್ತಿರ ನೀರಿನ ಚೊಂಬು ಯಾಕ ಬರದಾನ? ಸುಮ್ನ ಬರದಿಲ್ಲ ಇವ."

ಚೊಂಬು ನೀರು ತಂದು ಕೊಳವೆಯ ಬಾಯಿಗೆ ಸುರಿದಳು.

ಹಿಡಿಕೆ ಒತ್ತಿದರು. ಈ ಸಲ ಅದು ಭಾರವಾಗಿ ಇಳಿಯಿತು. ಕೊಳವೆಯೊಳಗೆ ಗುಳುಗುಳು ಸದ್ದಾಯಿತು. ಎಲ್ಲರೂ ಗುಡ್ಡದ ಕಡೆ ತಿರುಗಿದರು.

ಮೇಲಿನಿಂದ ಒಂದು ಕೂಗು ಬಂತು.

"ನೀರೂ! ನೀರು ಬಂತೂ!"

ಇಡೀ ದಂಡೆ ಹೋ ಎಂದು ಅಬ್ಬರಿಸಿತು. ಹೆಂಗಸರು ಖಾಲಿ ಕೊಡಗಳನ್ನೇ ಬಡಿದು ಬಾರಿಸಿದರು. ಹುಲುಗಪ್ಪ ಹಿಡಿಕೆ ಬಿಡದೆಯೇ ಕುಣಿದ. ದುರುಗವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕಳು. ಮಾರ್ತಂಡ ಗುರುಗಳ ಕಾಲಿಗೆ ಬೀಳಲು ಹೋದ, ಅವರು ನಡುವೆಯೇ ಹಿಡಿದು ನಿಲ್ಲಿಸಿದರು. ಅವರ ಕಣ್ಣೂ ತುಂಬಿದ್ದವು, ಮುಚ್ಚಿಡುವ ಗೋಜಿಗೆ ಅವರು ಹೋಗಲಿಲ್ಲ.

ಗುಡ್ಡದ ಮೇಲಿನಿಂದ ನಾಯಕರು ಇಳಿದು ಬಂದರು. ಪೇಟದ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ತೊಟ್ಟಿಯ ಪಕ್ಕದಲ್ಲೇ ನಿಂತಿದ್ದರಂತೆ. ಗೋಡೆಯ ಮುಂದೆ ಬಂದು ನಿಂತು, ಮೊದಲ ಸಲ ನೋಡುವವರಂತೆ ನೋಡಿದರು. ಸುಣ್ಣದ ಬಾನಿಯ ಕಡೆಗೂ ನೋಡಿದರು.

"ಧಣಿಯರ, ಸುಣ್ಣ ಏನು ಮಾಡೂದು?" ಎಂದ ಆಳು.

"ಊರಿಗೆಲ್ಲ ಎಲಿ ಅಡಿಕಿ ಹಂಚೋ. ಅದಕ್ಕ ಹಚ್ಚಕೊಳ್ಳಾಕ ಆಗ್ತೈತಿ."

ಮರುದಿನ ಯುಗಾದಿ. ಬೇವು ಬೆಲ್ಲ ಬಾಯಿಗೆ ಹಾಕಿಕೊಂಡು ಊರೆಲ್ಲ ಮಂಟಪಕ್ಕೆ ಬಂತು. ಗುರುಗಳು ಕಣ್ಣಿನ ಕುಂಚವನ್ನು ಮಾರ್ತಂಡನ ಕೈಗಿಟ್ಟರು. ಇಟ್ಟು, ಗೋಡೆಗೆ ಬೆನ್ನು ಮಾಡಿ, ಹೊಳೆ ನೋಡುತ್ತ ಕೂತುಬಿಟ್ಟರು.

ಮಾರ್ತಂಡ ಕಡತ ಬಿಚ್ಚಲಿಲ್ಲ. ಯಾಕೋಬನ ಕಣ್ಣು ಅವನಿಗೆ ಗೊತ್ತಿತ್ತು. ಬೂದಿ ಬಣ್ಣದವು, ಬಿಸಿಲಿಗೆ ಕಿರಿದಾದವು, ನಕ್ಕಾಗ ಬದಿಯಲ್ಲಿ ಮೂರು ಗೆರೆ ಬೀಳುವಂಥವು.

ಕಣ್ಣು ತೆರೆಸುವಾಗ ಒಂದು ರೀತಿಯಿದೆ. ತೆರೆದ ಕಣ್ಣಿನ ಮೊದಲ ನೋಟ ಬೀಳುವ ಜಾಗದಲ್ಲಿ ಒಬ್ಬರು ನಿಲ್ಲಬೇಕು. ಅದು ದೊಡ್ಡ ಮರ್ಯಾದೆ. ಯಾರೂ ಕರೆಯುವ ಮೊದಲೇ ನಾಯಕರು ಜರಿ ಪೇಟ ಸುತ್ತಿ ಅಲ್ಲಿ ನಿಂತಿದ್ದರು.

ಮಾರ್ತಂಡ ಕುಂಚ ಅದ್ದಿದ. ಎತ್ತಿದ. ಮತ್ತೆ ಇಳಿಸಿದ.

"ಧಣಿಯರ, ಒಂದು ಹೆಜ್ಜಿ ಸರೀರಿ."

ನಾಯಕರ ಕೈ ಮೀಸೆಗೆ ಹೋಯಿತು. ಗುಡ್ಡದ ಕೇರಿಯಲ್ಲಿ ಯಾರೋ ಕೊಡ ತುಂಬಿಸುವ ಸದ್ದು ಕೇಳುತ್ತಿತ್ತು. ನಾಯಕರು ಅದನ್ನು ಕೇಳಿದರು. ಕೈ ಇಳಿಸಿ, ಒಂದಲ್ಲ, ಎರಡು ಹೆಜ್ಜೆ ಸರಿದರು.

"ದುರುಗವ್ವಾ, ಬಾರವ್ವ ಇಲ್ಲಿ" ಎಂದ ಮಾರ್ತಂಡ.

ಗುಂಪಿನ ಕೊನೆಯಲ್ಲಿದ್ದ ದುರುಗವ್ವ ಹೌಹಾರಿದಳು. "ನಾನಾ? ಬ್ಯಾಡಪ್ಪೋ. ತೊಗಲು ಹೊಲಿಯಾಕಿ ನಾನು. ಇಷ್ಟು ಮಂದಿ ಇರೂವಾಗ ನಾನು ಯಾಕ ನಿಲ್ಲಲಿ?"

ಗುರುಗಳು ಹೊಳೆಯ ಕಡೆಯಿಂದ ಮುಖ ತಿರುಗಿಸಲಿಲ್ಲ.

"ನಿಲ್ಲವ್ವಾ. ಈ ಕಣ್ಣು ಮೊದಲು ನಿನ್ನ ನೋಡ್ಲಿ. ಯಾಕೋಬ ತನ್ನ ದೇಶದಾಗ ಕುಂತು ನಮ್ಮನ್ನ ಬರಿಯೂವಾಗ ನಿನ್ನ ಮುಖ ನೆನಪಾಗ್ಲಿ."